ಗೇರ್ ಬಾಕ್ಸ್ ಹೋಗಿದೆ ಎನ್ನುವ ಮೊದಲು

ನೈದಾನಿಕ ಪರೀಕ್ಷೆ ಎಂದರೆ ಏನೆಂದು ನನಗೆ ನಿಜವಾಗಿ ಅರ್ಥವಾದದ್ದು ತಿಪಟೂರಿನ ಒಂದು ತಗಡಿನ ಶೆಡ್ಡಿನಲ್ಲಿ, ಬಾನೆಟ್ ಎತ್ತಿದ ವ್ಯಾನಿನ ಪಕ್ಕ ನಿಂತಿದ್ದಾಗ. ನಮ್ಮ ಉಪನ್ಯಾಸಕರು ಕಲಿಸಲಿಲ್ಲ ಎಂದು ಇದರ ಅರ್ಥವಲ್ಲ. ಅವರು ಚೆನ್ನಾಗಿಯೇ ಕಲಿಸಿದ್ದರು, ನಾನೂ ಆಂತರಿಕ ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದೆ. ಆದರೆ ಶಾಲಾ ಇಂಟರ್ನ್‌ಶಿಪ್‌ನಲ್ಲಿ ನಾನೇ ಮಾಡಿದ ನೈದಾನಿಕ ಪರೀಕ್ಷೆ ತಪ್ಪಾಗಿತ್ತು. ಅದಕ್ಕೆ ಸಹಿಯೂ ಬಿತ್ತು, ಅಂಕವೂ ಬಂತು. ಅದು ತಪ್ಪೆಂದು ತೋರಿಸಿಕೊಟ್ಟವರು ಮೆಕ್ಯಾನಿಕ್ ಒಬ್ಬರು. ಅವರಿಗೆ ಅದು ಇವತ್ತಿಗೂ ಗೊತ್ತಿಲ್ಲ.

ಮೊದಲು ವ್ಯಾನಿನ ಕಥೆ ಹೇಳುತ್ತೇನೆ. ನನ್ನ ಸೋದರಮಾವ ಮದುವೆಗಳ ಫೋಟೋ, ವಿಡಿಯೋ ತೆಗೆಯುವವರು. ಕೆಲವು ವರ್ಷಗಳ ಹಿಂದೆ ಬೈಕಿನಿಂದ ಬಿದ್ದು ಎಡ ಮಂಡಿ ಮುರಿಯಿತು. ಮೂಳೆ ಕೂಡಿತು, ಆದರೆ ಕ್ಲಚ್ ತುಳಿದು ಹಿಡಿಯುವ ಶಕ್ತಿ ಬರಲಿಲ್ಲ. ಹಾಗಾಗಿ ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಗಾಡಿ ಕೊಂಡರು. ಏಳು ಸೀಟಿನದು, ನಮ್ಮ ಬೀದಿಯವರ ಬಾಯಲ್ಲಿ ವ್ಯಾನ್. ಹಿಂದಿನ ಸೀಟು ಮಡಚಿದರೆ ಲೈಟು, ಸ್ಟ್ಯಾಂಡು, ಕ್ಯಾಮೆರಾ ಪೆಟ್ಟಿಗೆ ಎಲ್ಲ ಹಿಡಿಯುತ್ತದೆ. ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ ಪ್ರೌಢಶಾಲೆ ಅವರ ಮನೆಗೆ ಹತ್ತಿರವಿದ್ದುದರಿಂದ ಆ ನಾಲ್ಕು ತಿಂಗಳು ನಾನು ಅಲ್ಲೇ ಇದ್ದೆ. ಬೆಳಗ್ಗೆ ಮಾವ ಹೊರಟರೆ ನನಗೂ ಶಾಲೆಯ ಗೇಟಿನವರೆಗೆ ಸವಾರಿ.

ತುಳಸಿ ಹಬ್ಬ ಕಳೆದು ಮದುವೆಗಳು ಶುರುವಾಗುವ ಹೊತ್ತಿಗೆ ಗಾಡಿ ಒದೆಯಲಾರಂಭಿಸಿತು. ಬ್ರೇಕ್ ತುಳಿದು, ಲಿವರನ್ನು ಪಿ ಇಂದ ಆರ್‌ಗೆ ಎಳೆದರೆ ಕೆಳಗಿನಿಂದ ‘ಧಡ್’ ಎಂದು ಸದ್ದು, ಇಡೀ ಗಾಡಿಗೆ ಒಂದು ಜಗ್ಗು. ಡಿಗೆ ಹಾಕಿದರೂ ಅದೇ. ಹಿಂದೆ ಕೂತ ಅತ್ತೆಯ ಕೈಯಲ್ಲಿದ್ದ ಹೂವಿನ ಬುಟ್ಟಿ ಒಂದು ದಿನ ಮಗುಚಿತು. ಮಾವ ಒಂದು ದೊಡ್ಡ ಗ್ಯಾರೇಜಿಗೆ ಒಯ್ದರು. ಅಲ್ಲಿ ಸ್ಕ್ಯಾನರ್ ಚುಚ್ಚಿ ನೋಡಿ, ಯಾವ ಕೋಡೂ ಬರುತ್ತಿಲ್ಲ, ಅಂದ ಮೇಲೆ ದೋಷ ಒಳಗೇ ಇದೆ, ಗೇರ್ ಬಾಕ್ಸ್ ಬಿಚ್ಚಬೇಕು, ₹85,000 ಇಟ್ಟುಕೊಳ್ಳಿ ಎಂದರು. ಇನ್ನೊಂದು ಕಡೆ ಏನೂ ಕೇಳದೆ ಒಂದು ಡಬ್ಬಿ ದ್ರವ ಸುರಿದು ₹900 ತೆಗೆದುಕೊಂಡರು. ಒದೆತ ಹಾಗೇ ಇತ್ತು. ಆ ರಾತ್ರಿ ಮಾವ ಮುಂಗಡ ತೆಗೆದುಕೊಂಡಿದ್ದ ಮದುವೆಗಳ ಪಟ್ಟಿ ಹಿಡಿದು, ಬಾಡಿಗೆ ಗಾಡಿಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುತ್ತ ಕೂತಿದ್ದರು. ಬಾಡಿಗೆ ಗಾಡಿ ಎಂದರೆ ಡ್ರೈವರನ್ನೂ ಸೇರಿಸಿ ಲೆಕ್ಕ, ಏಕೆಂದರೆ ಬೇರೆ ಗಾಡಿಯನ್ನು ಅವರು ಓಡಿಸಲಾರರು.

ಮೂರನೆಯವರು ಹಳೇ ಮೇಸ್ತ್ರಿ. ಶನಿವಾರ ಮಧ್ಯಾಹ್ನ ನಾನೂ ಮಾವನ ಜೊತೆ ಹೋದೆ. ಬಾನೆಟ್ ಮುಟ್ಟುವ ಮುಂಚೆ ಅವರು ಸ್ಟೂಲ್ ಎಳೆದುಕೊಂಡು ಕೂತು ಪ್ರಶ್ನೆ ಕೇಳಲು ಶುರು ಮಾಡಿದರು.

“ಲಿವರ್ ಹಾಕಿದ ತಕ್ಷಣ ಒದೀತೈತೋ, ಇಲ್ಲಾ ಎರಡು ಮೂರು ಸೆಕೆಂಡ್ ಸುಮ್ನಿದ್ದು ಆಮೇಲೆ ಒದೀತೈತೋ?”

“ತಕ್ಷಣಾನೇ.”

“ರಿವರ್ಸ್‌ಗೂ, ಡ್ರೈವ್‌ಗೂ ಎರಡಕ್ಕೂನಾ?”

“ಎರಡಕ್ಕೂ.”

“ರೋಡಲ್ಲಿ ಹೋಗ್ವಾಗ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಬೀಳ್ತೈತಲ್ಲ, ಆಗ?”

ಮಾವ ಸ್ವಲ್ಪ ಯೋಚಿಸಿ, “ಆಗ ಏನಿಲ್ಲ, ಬೆಣ್ಣೆ ಥರ” ಎಂದರು.

“ಬೆಳಗ್ಗೆ ಜಾಸ್ತಿನೋ, ಇಂಜಿನ್ ಬಿಸಿ ಆದ್ಮೇಲೆ ಜಾಸ್ತಿನೋ?”

“ಬೆಳಗ್ಗೆ ಒಂಚೂರು ಜಾಸ್ತಿ. ಬಿಸಿ ಆದ್ಮೇಲೂ ಹೋಗಲ್ಲ.”

ಮೇಸ್ತ್ರಿ ಎದ್ದು ನಿಂತು, “ಹಂಗಾದ್ರೆ ಬಾಕ್ಸ್ ಇರ್ಲಿ ಬಿಡಿ, ಮೊದ್ಲು ಹೊರಗಡೆ ನೋಡೋಣ” ಎಂದರು. ನಾಲ್ಕು ಪ್ರಶ್ನೆಗೆ ₹85,000ದ ಮಾತು ಪಕ್ಕಕ್ಕೆ ಸರಿದದ್ದು ಹೇಗೆ ಎಂದು ನಾನು ಕೇಳಿದೆ. ನಾನು ಟೀಚರ್ ಆಗಲು ಓದುತ್ತಿದ್ದೇನೆಂದು ಮಾವ ಹೇಳಿದ್ದರಿಂದಲೋ ಏನೋ, ಅವರು ಸಾವಕಾಶವಾಗಿ ವಿವರಿಸಿದರು. ಅದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಲಿವರ್ ಹಾಕಿದ ಮೇಲೆ ತಡವಾಗಿ ಹಿಡಿದು ಒದ್ದರೆ, ಒಳಗೆ ಎಣ್ಣೆಯ ಒತ್ತಡ ಏರಲು ಹೊತ್ತು ಹಿಡಿಯುತ್ತಿದೆ ಎಂದರ್ಥ. ಎಣ್ಣೆ ಕಡಿಮೆ ಇರಬಹುದು, ಫಿಲ್ಟರ್ ಕಟ್ಟಿರಬಹುದು, ಒಳಗಿನ ರಬ್ಬರ್ ಸೀಲ್‌ಗಳು ಗಡುಸಾಗಿರಬಹುದು. ತಕ್ಷಣ ಹಿಡಿದು ಒದ್ದರೆ ದಾರಿ ಬೇರೆ: ಇಂಜಿನ್ ವೇಗವಾಗಿ ತಿರುಗುತ್ತಿರಬಹುದು, ಒತ್ತಡ ಅತಿಯಾಗಿರಬಹುದು, ಇಲ್ಲವೇ ಇಂಜಿನ್ ಹಿಡಿದುಕೊಂಡಿರುವ ಮೌಂಟ್‌ಗಳ ರಬ್ಬರ್ ಹರಿದು ಸಣ್ಣ ಜಗ್ಗೂ ದೊಡ್ಡ ಹೊಡೆತವಾಗುತ್ತಿರಬಹುದು. ಮುಂದಕ್ಕೂ ಹಿಂದಕ್ಕೂ ಗೇರ್ ಬಾಕ್ಸ್ ಒಳಗೆ ಬೇರೆ ಬೇರೆ ಕ್ಲಚ್‌ಗಳು ಹಿಡಿಯುತ್ತವೆ. ಎರಡೂ ಒಂದೇ ವಾರದಲ್ಲಿ, ಒಂದೇ ರೀತಿಯಲ್ಲಿ ಕೆಡುವುದು ಅಪರೂಪ. ಎಣ್ಣೆಯ ಒತ್ತಡವೇ ಅತಿಯಾಗಿದ್ದರೆ ಓಡುವಾಗಲೂ ಗೇರ್ ಬದಲಾವಣೆ ಬಿರುಸಾಗಿರಬೇಕಿತ್ತು, ಅದು ಬೆಣ್ಣೆಯಂತಿದೆ. ಉಳಿದದ್ದು ಇಂಜಿನ್ನಿನ ವೇಗ ಮತ್ತು ಮೌಂಟ್. ಎರಡೂ ಗೇರ್ ಬಾಕ್ಸಿನ ಹೊರಗಿನವು.

ಹಾಗೆಂದು ಅವರು ಊಹೆಯ ಮೇಲೆ ಬಿಡಲಿಲ್ಲ. ಗಾಡಿಯನ್ನು ಒಂದು ಸುತ್ತು ಓಡಿಸಿ ಬಿಸಿ ಮಾಡಿ ತಂದು, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ತುಳಿದೇ ಲಿವರನ್ನು ಎಲ್ಲ ಸ್ಥಾನಕ್ಕೂ ಒಮ್ಮೆ ಆಡಿಸಿ ಪಿಗೆ ತಂದರು. ಇಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿದರು. ಮಟ್ಟ ಸರಿಯಿತ್ತು. ಬಣ್ಣ ಕೆಂಪಿನಿಂದ ಕಂದಿಗೆ ತಿರುಗಿತ್ತು, ಆದರೆ ಸುಟ್ಟ ವಾಸನೆ ಇರಲಿಲ್ಲ, ಕಪ್ಪು ಪುಡಿಯೂ ಇರಲಿಲ್ಲ. “ಹಳೇದಾಗೈತೆ, ಸತ್ತಿಲ್ಲ” ಎಂದರು. ಆಮೇಲೆ ಅವರೂ ಸ್ಕ್ಯಾನರ್ ಹಾಕಿದರು. ದೊಡ್ಡ ಗ್ಯಾರೇಜಿನವರು ಕೋಡ್ ಇದೆಯೇ ಎಂದಷ್ಟೇ ನೋಡಿದ್ದರು, ಇವರು ಇಂಜಿನ್ನಿನ ವೇಗ ನೋಡಿದರು. ಬಿಸಿಯಾದ ಮೇಲೆ ಪಿಯಲ್ಲಿ 750 ಆರ್‌.ಪಿ.ಎಂ. ಆಸುಪಾಸು ಇರಬೇಕಾದದ್ದು 1,050 ಇತ್ತು.

ನಂತರದ್ದು ನನಗೆ ಅತ್ಯಂತ ಇಷ್ಟವಾದ ಪರೀಕ್ಷೆ. ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಗಾಡಿಯ ಮುಂದೆ ಹಿಂದೆ ಯಾರೂ ನಿಲ್ಲಬಾರದೆಂದು ನನ್ನನ್ನು ಪಕ್ಕಕ್ಕೆ ಕಳಿಸಿ, ಮಾವನಿಗೆ ಬ್ರೇಕ್ ಗಟ್ಟಿಯಾಗಿ ತುಳಿದುಕೊಂಡು ಲಿವರನ್ನು ಎನ್ ಇಂದ ಡಿಗೆ, ಮತ್ತೆ ಎನ್‌ಗೆ, ಆಮೇಲೆ ಆರ್‌ಗೆ ಹಾಕಲು ಹೇಳಿದರು. ಬಾನೆಟ್ ತೆರೆದೇ ಇತ್ತು. ಪ್ರತಿ ಬಾರಿಯೂ ಇಂಜಿನ್ ಮಲಗಿದ್ದ ಹೋರಿ ಮಗ್ಗುಲು ಬದಲಿಸಿದಂತೆ ಒಂದು ಕಡೆಗೆ ಹೊರಳಿ ಹೊಡೆಯಿತು. ಕೆಳಗಿನ ಒಂದು ಮೌಂಟಿನ ರಬ್ಬರ್ ಪೂರ್ತಿ ಹರಿದಿತ್ತು. ಅದೇ ಹೊತ್ತಿಗೆ ಇಂಜಿನ್‌ಗೆ ಗಾಳಿ ಹೋಗುವ ಕಡೆಯ ಒಂದು ಸಣ್ಣ ರಬ್ಬರ್ ಹೋಸನ್ನು ಬೆರಳಿನಲ್ಲಿ ಹಿಚುಕಿದರು. ಇಂಜಿನ್ ಸದ್ದು ತಟ್ಟನೆ ಇಳಿಯಿತು. ಹೋಸ್ ಸೀಳಿ, ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತಿತ್ತು.

ಎರಡು ಕಾರಣ ಸಿಕ್ಕಿದ್ದರೂ ಎರಡನ್ನೂ ಒಟ್ಟಿಗೆ ಸರಿ ಮಾಡಲಿಲ್ಲ. ಮೊದಲು ಮೌಂಟ್ ಬದಲಿಸಿ ಲಿವರ್ ಹಾಕಿ ನೋಡಿದರು. ‘ಧಡ್’ ಹೋಗಿ ಬರೀ ಜಗ್ಗು ಉಳಿಯಿತು. ಆಮೇಲೆ ಹೋಸ್ ಬದಲಿಸಿ, ಗಾಳಿಯ ಬಾಗಿಲಿನ ಮಸಿ ತೊಳೆದರು. ಇಂಜಿನ್ 760ಕ್ಕೆ ಇಳಿಯಿತು, ಜಗ್ಗೂ ಹೋಯಿತು. ಎರಡನ್ನೂ ಒಟ್ಟಿಗೆ ಬದಲಿಸಿದ್ದರೆ ಯಾವುದರಿಂದ ಎಷ್ಟು ಸರಿಹೋಯಿತು ಎಂದು ತಿಳಿಯುತ್ತಿರಲಿಲ್ಲ ಎಂದರು. ವಿಜ್ಞಾನ ಬೋಧನಾ ಪದ್ಧತಿಯಲ್ಲಿ ನಾವು ‘ಚರಾಂಶಗಳ ನಿಯಂತ್ರಣ’ ಎಂದು ಉರು ಹೊಡೆಯುತ್ತೇವಲ್ಲ, ಅದು ಇದೇ. ಕೊನೆಗೆ ಗಾಡಿಯ ಕೈಪಿಡಿಯಲ್ಲಿ ಹೇಳಿದ ನಮೂನೆಯದೇ ಗೇರ್ ಎಣ್ಣೆ ತರಿಸಿ ಬದಲಿಸಿದರು. ಕೆಂಪಗಿರುವುದೆಲ್ಲ ಒಂದೇ ಎಣ್ಣೆಯಲ್ಲ ಎಂಬ ಎಚ್ಚರಿಕೆಯನ್ನೂ ಮಾವನಿಗೆ ಕೊಟ್ಟರು. ಒಟ್ಟು ಖರ್ಚು ₹6,400.

ಮನೆಗೆ ಬಂದ ಮೇಲೂ 1,050 ಮತ್ತು 750 ನನ್ನ ತಲೆಯಲ್ಲೇ ಉಳಿದವು. ಆಗ ನಾನು 9ನೇ ತರಗತಿಗೆ ಚಲನಶಕ್ತಿಯ ಪಾಠ ಮಾಡುತ್ತಿದ್ದೆ. ಇಂತಹ ಗಾಡಿಯಲ್ಲಿ ಇಂಜಿನ್‌ಗೂ ಗೇರ್ ಬಾಕ್ಸ್‌ಗೂ ನಡುವೆ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರುತ್ತದೆ. ಎದುರುಬದುರು ಇಟ್ಟ ಎರಡು ಫ್ಯಾನ್ ನೆನೆಸಿಕೊಳ್ಳಿ: ಒಂದು ತಿರುಗಿದರೆ ಅದು ತಳ್ಳಿದ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಪಿಯಲ್ಲಿರುವಾಗ ಎರಡನೆಯದೂ ಹೆಚ್ಚುಕಡಿಮೆ ಇಂಜಿನ್ನಿನ ವೇಗದಲ್ಲೇ ತಿರುಗುತ್ತಿರುತ್ತದೆ. ಡಿ ಹಾಕಿದ ಕೂಡಲೇ ಅದು ಬ್ರೇಕ್ ಹಿಡಿದು ನಿಂತ ಚಕ್ರಗಳಿಗೆ ಕೂಡಿಕೊಂಡು, ಅರೆಕ್ಷಣದಲ್ಲಿ ನಿಲ್ಲಬೇಕು. ವೇಗ 750 ಬದಲು 1,050 ಆದರೆ ಅದು 1.4 ಪಟ್ಟು. ತಿರುಗುವ ವಸ್ತುವಿನ ಚಲನಶಕ್ತಿಯೂ ವೇಗದ ವರ್ಗವನ್ನೇ ಅನುಸರಿಸುವುದರಿಂದ, ಕರಗಬೇಕಾದ ಶಕ್ತಿ 1.96 ಪಟ್ಟು, ಅಂದರೆ ಸುಮಾರು ಎರಡರಷ್ಟು. ಮುಳ್ಳಿನಲ್ಲಿ ಕಣ್ಣಿಗೆ ಬೀಳದಷ್ಟು ವ್ಯತ್ಯಾಸ, ಸೀಟಿನಲ್ಲಿ ಕೂತವರಿಗೆ ಒದೆತ. ಇಷ್ಟು ಒಳ್ಳೆಯ ಉದಾಹರಣೆ ಪಾಠಕ್ಕೆ ಸಿಕ್ಕಿತಲ್ಲ ಎಂದು ಸಂಭ್ರಮದಿಂದ ನನ್ನ ನೈದಾನಿಕ ಪರೀಕ್ಷೆಯ ರೆಕಾರ್ಡ್ ತೆಗೆದೆ. ಸಂಭ್ರಮ ಅಲ್ಲೇ ಇಳಿಯಿತು.

ನನ್ನ ಪರೀಕ್ಷೆಯಲ್ಲಿ ಚಲನಶಕ್ತಿಯ ಮೇಲೆ ಎರಡು ಪ್ರಶ್ನೆ ಇದ್ದವು. ಒಂದು: 10 ಕಿಲೋಗ್ರಾಂ ರಾಶಿಯ ವಸ್ತು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಚಲಿಸುತ್ತಿದ್ದರೆ ಅದರ ಚಲನಶಕ್ತಿ ಎಷ್ಟು? ಇನ್ನೊಂದು: ವೇಗ ಇಮ್ಮಡಿಯಾದರೆ ಚಲನಶಕ್ತಿ ಎಷ್ಟು ಪಟ್ಟಾಗುತ್ತದೆ? ಒಬ್ಬ ಹುಡುಗಿ ಮೊದಲನೆಯದಕ್ಕೆ 20 ಜೂಲ್ ಎಂದು ಸರಿಯಾಗಿ ಬರೆದಿದ್ದಳು, ಎರಡನೆಯದಕ್ಕೆ 2 ಪಟ್ಟು ಎಂದು ತಪ್ಪು ಬರೆದಿದ್ದಳು. ನಾನು ರೆಕಾರ್ಡಿನಲ್ಲಿ ಬರೆದದ್ದು: ‘ಸೂತ್ರದ ಬಳಕೆ ತಿಳಿದಿದೆ. ಪರಿಕಲ್ಪನೆ ಅರ್ಥವಾಗಿಲ್ಲ. ಪರಿಹಾರ ಬೋಧನೆ ಅಗತ್ಯ.’ ನಿಧಾನ ಕಲಿಕೆಯವರ ಪಟ್ಟಿಗೆ ಅವಳ ಹೆಸರು ಸೇರಿತು. ಸಂಜೆಯ ಆಟದ ಅವಧಿಯಲ್ಲಿ ನಾಲ್ಕು ದಿನ ಅವಳನ್ನು ಕೂರಿಸಿಕೊಂಡು ಚಲನಶಕ್ತಿ ಎಂದರೇನು ಎಂಬಲ್ಲಿಂದ ಮತ್ತೆ ವಿವರಿಸಿದೆ. ಅವಳು ಖೋ ಖೋ ತಂಡದಲ್ಲಿದ್ದಳು. ಕಿಟಕಿಯಾಚೆ ಸೀಟಿ ಕೇಳಿದಾಗಲೆಲ್ಲ ಅವಳ ಕತ್ತು ಅತ್ತ ತಿರುಗುತ್ತಿತ್ತು, ನಾನು ಅದನ್ನು ‘ಏಕಾಗ್ರತೆಯ ಕೊರತೆ’ ಎಂದೂ ಬರೆದುಕೊಂಡೆ.

ಮೇಸ್ತ್ರಿಯ ಪ್ರಶ್ನೆಗಳನ್ನು ಕೇಳಿ ಬಂದ ಮೇಲೆ ನನ್ನ ಪ್ರಶ್ನೆಗಳ ಮೇಲೆ ಅನುಮಾನ ಬಂತು. ಸೋಮವಾರ ಅವಳನ್ನು ಕರೆದು, ಅದೇ ಲೆಕ್ಕವನ್ನು ಸೆಕೆಂಡಿಗೆ 3 ಮೀಟರ್ ವೇಗ ಇಟ್ಟು, ಗಟ್ಟಿಯಾಗಿ ಹೇಳುತ್ತ ಮಾಡು ಎಂದೆ. “ಅರ್ಧ ಇಂಟು ಹತ್ತು, ಐದು. ಮೂರರ ಮೇಲೆ ಎರಡು ಐತೆ ಮಿಸ್, ಮೂರೆರಡ್ಲೆ ಆರು. ಐದಾರ್ಲೆ ಮೂವತ್ತು.” ಉತ್ತರ 45 ಆಗಬೇಕಿತ್ತು. ವರ್ಗದ ಗುರುತಾದ ಆ ಪುಟ್ಟ 2ನ್ನು ಅವಳು ‘ಎರಡರಿಂದ ಗುಣಿಸು’ ಎಂದು ಓದುತ್ತಿದ್ದಳು. ಹಾಗೆ ಓದಿದರೆ ವೇಗ ಇಮ್ಮಡಿಯಾದಾಗ ಚಲನಶಕ್ತಿಯೂ ಇಮ್ಮಡಿಯೇ ಆಗಬೇಕು. ಅವಳ ಎರಡನೆಯ ಉತ್ತರ ತನ್ನ ಲೆಕ್ಕಕ್ಕೆ ಪ್ರಾಮಾಣಿಕವಾಗಿಯೇ ಇತ್ತು. ಇನ್ನು ಮೊದಲನೆಯ ಪ್ರಶ್ನೆಯಲ್ಲಿ ವೇಗ 2 ಎಂದು ಕೊಟ್ಟವಳು ನಾನೇ. 2ರ ವರ್ಗವೂ 4, 2ನ್ನು ಎರಡರಿಂದ ಗುಣಿಸಿದರೂ 4. ಸುಲಭವಾಗಲಿ ಎಂದು ಆರಿಸಿದ ಆ ಒಂದು ಸಂಖ್ಯೆ ಅವಳ ದೋಷವನ್ನು ಮುಚ್ಚಿಬಿಟ್ಟಿತ್ತು. ಗೇರ್ ಬಾಕ್ಸ್ ಸರಿಯಿತ್ತು, ಹರಿದಿದ್ದು ಮೌಂಟ್. ನಾನು ನಾಲ್ಕು ಸಂಜೆ ಗೇರ್ ಬಾಕ್ಸ್ ಬಿಚ್ಚಿ ಕೂತಿದ್ದೆ.

ಚೌಕದ ಕಾಗದದ ಮೇಲೆ ಮೂರು ಮೂರರ ಒಂದು ಚೌಕ ಎಳೆಸಿ, ಮನೆಗಳನ್ನು ಎಣಿಸಲು ಹೇಳಿದೆ. ಹತ್ತು ನಿಮಿಷ ಸಾಕಾಯಿತು. ಅದಾದ ಮೇಲೆ, ಮೊದಲೇ ಯಾಕೆ ಕೇಳಲಿಲ್ಲ ಎಂದೆ. “ನೀವು ಅರ್ಥ ಆಯ್ತಾ ಅಂತ ಕೇಳ್ತಿದ್ರಲ್ಲ ಮಿಸ್, ಅರ್ಥ ಆಗಿತ್ತು” ಎಂದಳು. ಅದೂ ನಿಜವೇ.

ಇಲ್ಲಿಂದ ನನ್ನ ಅಭಿಪ್ರಾಯ. ನಮ್ಮ ನೈದಾನಿಕ ಪರೀಕ್ಷೆಯ ದಾಖಲೆಯಲ್ಲಿ ನೀಲನಕಾಶೆ ಇದೆ, ಪ್ರಶ್ನೆವಾರು ತಪ್ಪುಗಳ ಕೋಷ್ಟಕ ಇದೆ, ಶೇಕಡಾವಾರು ಇದೆ, ಸ್ತಂಭಾಲೇಖವೂ ಇದೆ. ಎಷ್ಟು ಮಂದಿ ಯಾವ ಪ್ರಶ್ನೆಯಲ್ಲಿ ತಪ್ಪಿದರು ಎಂಬುದು ಬಣ್ಣ ಬಣ್ಣದಲ್ಲಿ ಕಾಣುತ್ತದೆ. ಏಕೆ ತಪ್ಪಿದರು ಎಂಬುದಕ್ಕೆ ‘ಕಾರಣಗಳು’ ಎಂಬ ಒಂದು ಕಿರಿದಾದ ಅಂಕಣ. ಅದರಲ್ಲಿ ನಾವೆಲ್ಲ ಬರೆಯುವುದು ಒಂದೇ: ಪರಿಕಲ್ಪನೆಯ ಕೊರತೆ, ಗಮನದ ಕೊರತೆ, ಅಭ್ಯಾಸದ ಕೊರತೆ. ‘ಗೇರ್ ಬಾಕ್ಸ್ ಹೋಗಿದೆ’ ಎಂಬುದಕ್ಕೂ ಇದಕ್ಕೂ ಏನು ವ್ಯತ್ಯಾಸ? ದೋಷ ಒಳಗೆಲ್ಲೋ ಇದೆ, ನೋಡಲಾಗದು ಎಂದು ಹೇಳಿ ಕೈ ತೊಳೆದುಕೊಳ್ಳುವ ಮಾತು ಅದು. ನನ್ನ ಪ್ರಕಾರ ಆ ಅಂಕಣವನ್ನು ಅಗಲ ಮಾಡಿ, ಎರಡು ಪ್ರಶ್ನೆ ಸೇರಿಸಬೇಕು: ಇದೇ ತಪ್ಪು ಉತ್ತರ ಬೇರೆ ಯಾವ ಕಾರಣದಿಂದಲೂ ಬರಬಹುದಿತ್ತು? ಅದಲ್ಲ ಎಂದು ಹೇಗೆ ತಿಳಿದಿರಿ? ಸ್ತಂಭಾಲೇಖಕ್ಕೆ ಕೊಡುವ ಅಂಕವನ್ನು ಇದಕ್ಕೆ ಕೊಟ್ಟರೆ ನಷ್ಟವಿಲ್ಲ. (ನನ್ನ ಸ್ತಂಭಾಲೇಖಕ್ಕೆ ಪೂರ್ಣ ಅಂಕ ಬಂದಿದೆ, ಆದ್ದರಿಂದ ಹೊಟ್ಟೆಕಿಚ್ಚಿನ ಮಾತಲ್ಲ.)

ಪ್ರಶ್ನೆಪತ್ರಿಕೆ ಪರಿಶೀಲಿಸುವ ಮಾರ್ಗದರ್ಶಕರಲ್ಲೂ ಒಂದು ವಿನಂತಿ. ಪ್ರಶ್ನೆಯ ಕಾಗುಣಿತ, ಉದ್ದಿಷ್ಟ, ಕಠಿಣತೆಯ ಮಟ್ಟ ನೋಡುವ ಜೊತೆಗೆ, ತಪ್ಪು ದಾರಿಯಲ್ಲಿ ಹೋದ ಮಗುವಿಗೂ ಇದರಲ್ಲಿ ಸರಿ ಉತ್ತರ ಸಿಕ್ಕಿಬಿಡುತ್ತದೆಯೇ ಎಂದು ಒಮ್ಮೆ ನೋಡಬೇಕು. ವರ್ಗದ ಲೆಕ್ಕದಲ್ಲಿ 2 ಬೇಡ. ಸಮಾಂತರ ಜೋಡಣೆಯ ಲೆಕ್ಕದಲ್ಲಿ ಎರಡೂ ರೋಧಗಳು 2 ಓಮ್ ಇದ್ದರೆ ಉತ್ತರ 1 ಓಮ್. ವ್ಯುತ್ಕ್ರಮಗಳನ್ನು ಕೂಡಿ, ಕೊನೆಗೆ ತಿರುಗಿಸಲು ಮರೆತ ಮಗುವಿಗೂ 1 ಎಂದೇ ಬರುತ್ತದೆ. ಇಂಥವನ್ನು ಹುಡುಕುತ್ತ ಹೋದರೆ ನಮ್ಮ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಸಾಕಷ್ಟು ಸಿಗುತ್ತವೆ.

ಸಮಯ ಎಲ್ಲಿದೆ ಎಂದು ಸಹಪಾಠಿಗಳು ಕೇಳುತ್ತಾರೆ. ನನ್ನ ತರಗತಿಯಲ್ಲಿ 43 ಮಕ್ಕಳಿದ್ದರು, ಎಲ್ಲರನ್ನೂ ಕೂರಿಸಿ ಗಟ್ಟಿಯಾಗಿ ಲೆಕ್ಕ ಮಾಡಿಸಲಾಗದು, ಒಪ್ಪುತ್ತೇನೆ. ಆದರೆ ಒಂದೇ ಬಗೆಯ ತಪ್ಪು ಮಾಡಿದವರಲ್ಲಿ ಇಬ್ಬರನ್ನು ಕರೆದು ಕೇಳಬಹುದು. ಪರಿಹಾರ ಬೋಧನೆಗೆ ನಾಲ್ಕು ಸಂಜೆ ಸಿಕ್ಕಿದ ನನಗೆ ಅದಕ್ಕೆ ಮುಂಚಿನ ಹತ್ತು ನಿಮಿಷ ಸಿಗಲಿಲ್ಲ ಎಂದರೆ ಯಾರು ನಂಬುತ್ತಾರೆ?

ಮಕ್ಕಳನ್ನು ಯಂತ್ರಕ್ಕೆ ಹೋಲಿಸಬಾರದು ಎಂಬ ಆಕ್ಷೇಪವನ್ನೂ ನಮ್ಮ ವಿಚಾರಗೋಷ್ಠಿಯಲ್ಲಿ ಒಬ್ಬರು ಎತ್ತಿದರು. ಸರಿಯಾದ ಮಾತು. ವ್ಯಾನ್ ತನ್ನ ದೋಷವನ್ನು ಮುಚ್ಚಿಡುವುದಿಲ್ಲ, ಪ್ರತಿ ಬಾರಿಯೂ ಒಂದೇ ರೀತಿ ಒದೆಯುತ್ತದೆ. ಮಗು ಹಾಗಲ್ಲ. ನಿಧಾನ ಕಲಿಕೆಯವರ ಪಟ್ಟಿಯಲ್ಲಿ ಹೆಸರು ಬಂತೆಂದು ತಿಳಿದ ಮೇಲೆ ಸುಮ್ಮನಾಗುತ್ತದೆ, ‘ಗೊತ್ತಾಯ್ತು ಮಿಸ್’ ಎಂದು ತಪ್ಪಿಸಿಕೊಳ್ಳುತ್ತದೆ. ಹೀಗಿರುವಾಗ ವ್ಯಾನಿಗೆ ಸಿಕ್ಕಷ್ಟು ಪ್ರಶ್ನೆಗಳಾದರೂ ಮಗುವಿಗೆ ಸಿಗಬೇಡವೇ ಎಂಬುದಷ್ಟೇ ನನ್ನ ವಾದ.

ಮಾವ ಆ ಸೀಸನ್ನಿನ ಎಲ್ಲ ಮದುವೆಗಳಿಗೂ ಅದೇ ಗಾಡಿಯಲ್ಲಿ ಹೋಗಿಬಂದರು. ಆ ಹುಡುಗಿ ತಾಲ್ಲೂಕು ಮಟ್ಟದ ಆಟಕ್ಕೆ ಹೋಗಲಿಲ್ಲ. ನಾಲ್ಕು ದಿನ ಅಭ್ಯಾಸಕ್ಕೆ ಬಾರದ್ದರಿಂದ ಅವಳ ಜಾಗಕ್ಕೆ ಬೇರೆಯವಳನ್ನು ಹಾಕಿಕೊಂಡಿದ್ದರು. ದೈಹಿಕ ಶಿಕ್ಷಕರ ಬಳಿ ಹೋಗಿ ತಪ್ಪು ನನ್ನದೆಂದು ಹೇಳಿದೆ, ಅಷ್ಟರಲ್ಲಿ ಪಟ್ಟಿ ಕಳಿಸಿ ಆಗಿತ್ತು. ನನ್ನ ರೆಕಾರ್ಡಿನಲ್ಲಿ ಅವಳ ಹೆಸರಿನ ಮುಂದೆ ‘ಪರಿಕಲ್ಪನೆ ಅರ್ಥವಾಗಿಲ್ಲ’ ಎಂಬುದು ಇನ್ನೂ ಹಾಗೇ ಇದೆ. ಸಹಿಯಾದ ದಾಖಲೆಯನ್ನು ತಿದ್ದುವಂತಿಲ್ಲ ಎಂದು ಹೇಳಿದ್ದಾರೆ. ಹಾಗಾಗಿ ಇಲ್ಲಿ ಬರೆದೆ.